ಬಿ2 ಅಂತ ಬರೆಯುವ ಮೊದಲು ಉತ್ತರಪತ್ರಿಕೆ ಓದಿ

ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಮೌಲ್ಯಮಾಪನ ಕುಲಸಚಿವರಿಗೆ, ಇಂಗ್ಲಿಷ್ ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಇಂಗ್ಲಿಷ್ ಮೇಷ್ಟ್ರು. ಪದವಿ ತರಗತಿಗಳಿಗೆ ಪಾಠ ಮಾಡುತ್ತೇನೆ. ಪರೀಕ್ಷೆ ಮುಗಿದ ಮೇಲೆ ಎಲ್ಲರ ಹಾಗೆ ವ್ಯಾಲ್ಯುಯೇಷನ್‌ಗೆ ಕೂರುತ್ತೇನೆ. ಒಂದೇ ಒಂದು ವಿಷಯ ನಿಮ್ಮ ಮುಂದೆ ಇಡಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಪಠ್ಯಕ್ರಮದ ಮೊದಲ ಪುಟಗಳಲ್ಲಿ ಈಗ ಒಂದು ಸಾಲು ಕಾಣುತ್ತದೆ. ಪದವಿ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯ ಇಂಗ್ಲಿಷ್ ಬರವಣಿಗೆ ಅಂತಾರಾಷ್ಟ್ರೀಯ ಅಳತೆಯಲ್ಲಿ ಬಿ2 ಮಟ್ಟಕ್ಕೆ, ಅಂದರೆ ಆರು ಮಟ್ಟಗಳಲ್ಲಿ ಕೆಳಗಿನಿಂದ ನಾಲ್ಕನೆಯದಕ್ಕೆ, ಬಂದಿರುತ್ತದೆ ಅಂತ. ಗುರಿ ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಗುರಿ ಮುಟ್ಟಿದರು ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ ಅನ್ನುವುದೇ ನನ್ನ ಪ್ರಶ್ನೆ.

ನಾನು ಕಂಡ ಮಟ್ಟಿಗೆ ಅದು ನಡೆಯುವುದು ಹೀಗೆ. ಸೆಮಿಸ್ಟರ್ ಪರೀಕ್ಷೆಯ ಅಂಕ ಬರುತ್ತದೆ. ಆಫೀಸಿನಲ್ಲಿ ಒಂದು ಕೋಷ್ಟಕ ಇರುತ್ತದೆ. ಇಷ್ಟು ಬಂದರೆ ಬಿ1, ಇಷ್ಟು ಬಂದರೆ ಬಿ2, ಅದಕ್ಕೂ ಮೇಲಾದರೆ ಸಿ1. ಆ ಕೋಷ್ಟಕವನ್ನು ಯಾರು ಮಾಡಿದರು, ಯಾವ ಉತ್ತರಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಮಾಡಿದರು ಅಂತ ಕೇಳಿದರೆ ಹೇಳುವವರಿಲ್ಲ. ಹುಡುಗರು ಬರೆದದ್ದನ್ನು ಬಿ2 ವಿವರಣೆಯ ಪಕ್ಕದಲ್ಲಿಟ್ಟು ಒಬ್ಬರೂ ಓದಿರುವುದಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ. ಮೊದಲು ಓದಿ. ಆಮೇಲೆ ಮಟ್ಟ ಬರೆಯಿರಿ.

ಈ ಬಿ2, ಸಿ1 ಎಲ್ಲಿಂದ ಬಂದವು ಅನ್ನುವುದನ್ನು ಸ್ವಲ್ಪ ನೋಡೋಣ. ಗೊಂದಲ ಶುರುವಾಗುವುದೇ ಅಲ್ಲಿ. 1991ರಲ್ಲಿ ಸ್ವಿಟ್ಜರ್ಲೆಂಡಿನ ರುಶ್ಲಿಕಾನ್‌ನಲ್ಲಿ ಒಂದು ಸಮಾವೇಶ ನಡೆಯಿತು. ಭಾಷೆ ಕಲಿತವರ ಸಾಮರ್ಥ್ಯವನ್ನು ಒಂದು ದೇಶದಲ್ಲಿ ಹೇಳಿದರೆ ಇನ್ನೊಂದು ದೇಶದವರಿಗೂ ಅರ್ಥವಾಗಬೇಕು, ಅದಕ್ಕೆ ಎಲ್ಲರಿಗೂ ಒಪ್ಪುವ ಚೌಕಟ್ಟು ಬೇಕು ಅನ್ನುವ ಮಾತು ಅಲ್ಲಿ ಗಟ್ಟಿಯಾಯಿತು. ಆಮೇಲೆ ವರ್ಷಗಟ್ಟಲೆ ಕೆಲಸ ನಡೆದು, 2001ರಲ್ಲಿ ಯುರೋಪಿನ ದೇಶಗಳ ಸಂಸ್ಥೆಯಾದ ಕೌನ್ಸಿಲ್ ಆಫ್ ಯುರೋಪ್, ಸಿಇಎಫ್‌ಆರ್ ಎಂಬ ಭಾಷಾ ಮಟ್ಟಗಳ ಚೌಕಟ್ಟನ್ನು ಪ್ರಕಟಿಸಿತು. ಎ1ರಿಂದ ಸಿ2ವರೆಗೆ ಆರು ಮಟ್ಟಗಳು. ಪ್ರತಿ ಮಟ್ಟಕ್ಕೂ ‘ಇದನ್ನು ಮಾಡಬಲ್ಲರು’ ಅನ್ನುವ ರೂಪದಲ್ಲಿ ವಿವರಣೆಗಳು.

ಆ ವಿವರಣೆಗಳನ್ನು ಯಾರೋ ಕೋಣೆಯಲ್ಲಿ ಕೂತು ಊಹಿಸಿ ಬರೆದದ್ದಲ್ಲ. ಸಂಶೋಧಕ ಬ್ರಯಾನ್ ನಾರ್ತ್ ಮತ್ತು ಅವರ ಜೊತೆಗಾರರು ಸ್ವಿಟ್ಜರ್ಲೆಂಡಿನ ನೂರಾರು ಶಿಕ್ಷಕರಿಗೆ ಆ ವಿವರಣೆಗಳನ್ನು ಕೊಟ್ಟರು. ನಿಮ್ಮ ವಿದ್ಯಾರ್ಥಿ ಇದನ್ನು ಮಾಡಬಲ್ಲನೇ ಅಂತ ಕೇಳಿದರು. ಶಿಕ್ಷಕರೆಲ್ಲ ಒಂದೇ ರೀತಿ ಅರ್ಥ ಮಾಡಿಕೊಂಡ ವಿವರಣೆಗಳು ಉಳಿದವು. ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಟ್ಟವು ಬಿದ್ದುಹೋದವು. ಯಾವುದು ಸುಲಭ, ಯಾವುದು ಕಷ್ಟ ಅನ್ನುವುದನ್ನು ರಾಶ್ ಮಾದರಿ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಲೆಕ್ಕ ಹಾಕಿ ಮೇಲೆ ಕೆಳಗೆ ಜೋಡಿಸಿದರು. ಇಡೀ ಕೆಲಸದ ಬುಡದಲ್ಲಿ ಇರುವುದು ಶಿಕ್ಷಕರ ಕಣ್ಣಿಗೆ ಕಂಡ ವಿದ್ಯಾರ್ಥಿಗಳ ಸಾಮರ್ಥ್ಯ. ಅದರಲ್ಲಿ ಶೇಕಡಾ ಅಂಕ ಅನ್ನುವುದು ಎಲ್ಲೂ ಬರುವುದಿಲ್ಲ. ಬರುವ ಹಾಗೂ ಇಲ್ಲ. ಪ್ರಶ್ನೆಪತ್ರಿಕೆ ಸುಲಭವಾದ ವರ್ಷ ತರಗತಿಗೆ ತರಗತಿಯೇ ಎಪ್ಪತ್ತು ತೆಗೆಯುತ್ತದೆ, ಕಷ್ಟವಾದ ವರ್ಷ ನಲವತ್ತೈದಕ್ಕೆ ಇಳಿಯುತ್ತದೆ. ಅವರ ಬರವಣಿಗೆ ಎರಡೂ ವರ್ಷ ಅಷ್ಟೇ ಇರುತ್ತದೆ, ಅಲ್ವಾ?

ಬರವಣಿಗೆಗೆ ಆ ಚೌಕಟ್ಟು ಏನು ಹೇಳುತ್ತದೆ ನೋಡಿ. ಎ2 ಮಟ್ಟದವರು ಚಿಕ್ಕ ಸರಳ ವಾಕ್ಯಗಳನ್ನು ಬರೆದು ‘ಆ್ಯಂಡ್’, ‘ಬಟ್’, ‘ಬಿಕಾಸ್’ ಹಾಕಿ ಜೋಡಿಸುತ್ತಾರೆ. ಬಿ1ನವರು ತಮಗೆ ಪರಿಚಯ ಇರುವ ವಿಷಯದ ಮೇಲೆ ಒಂದರ ಹಿಂದೆ ಒಂದು ಮಾತು ಬರುವ ಹಾಗೆ ನೇರವಾಗಿ ಬರೆಯುತ್ತಾರೆ. ಅಲ್ಲಿಂದ ಬಿ2ಗೆ ಹೋಗುವುದು ಸಣ್ಣ ಹೆಜ್ಜೆಯಲ್ಲ. ಬೇರೆ ಬೇರೆ ಮೂಲಗಳಿಂದ ಬಂದ ಮಾಹಿತಿಯನ್ನು, ವಾದಗಳನ್ನು ಒಟ್ಟಿಗೆ ತಂದು, ತೂಗಿ ನೋಡಿ, ಸ್ಪಷ್ಟವಾಗಿ ವಿವರವಾಗಿ ಬರೆಯಬೇಕು. ಸಿ1ರಲ್ಲಿ ಜಟಿಲ ವಿಷಯದೊಳಗೆ ಯಾವುದು ಮುಖ್ಯ ಅಂತ ಎತ್ತಿ ತೋರಿಸಬೇಕು. ತನ್ನ ನಿಲುವನ್ನು ಕಾರಣ, ಉದಾಹರಣೆಗಳಿಂದ ಬೆಳೆಸಿ ತಕ್ಕ ಮುಕ್ತಾಯಕ್ಕೆ ತರಬೇಕು.

ಈಗ ನಿಮ್ಮ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಶ್ನೆಪತ್ರಿಕೆ ತೆಗೆದು ಮುಂದಿಟ್ಟುಕೊಳ್ಳಿ. ಎರಡು ಬೇರೆ ಬೇರೆ ಬರಹ ಓದಿ, ಅವುಗಳ ವಾದ ತೂಗಿ, ನಿನ್ನ ನಿಲುವು ಬರೆ ಅಂತ ಕೇಳುವ ಪ್ರಶ್ನೆ ಅದರಲ್ಲಿ ಇದೆಯಾ? ಜಾಸ್ತಿ ಕಡೆ ಇರುವುದು ಪಠ್ಯದ ಪಾಠವೊಂದರ ಸಾರಾಂಶ, ಗೈಡಿನಲ್ಲಿ ಸಿಗುವ ಔಪಚಾರಿಕ ಪತ್ರ, ‘ತಂತ್ರಜ್ಞಾನ ವರವೋ ಶಾಪವೋ’ ಅನ್ನುವ ತರದ ಪ್ರಬಂಧ. ಈ ಪ್ರಶ್ನೆಗಳಿಗೆ ನೂರಕ್ಕೆ ನೂರು ತೆಗೆದರೂ ಬಿ2 ಸಾಮರ್ಥ್ಯ ಕಾಣಿಸಿಕೊಳ್ಳಲು ಜಾಗವೇ ಇಲ್ಲ. ಕೇಳದೆ ಇದ್ದದ್ದನ್ನು ಯಾವ ವಿದ್ಯಾರ್ಥಿಯೂ ತೋರಿಸಲಾರ. ಪ್ರಶ್ನೆಯೇ ಬಿ1ರಲ್ಲಿ ನಿಂತಿರುವಾಗ ಅಂಕಪಟ್ಟಿಯಲ್ಲಿ ಸಿ1 ಹೇಗೆ ಬರುತ್ತದೆ?

ಎರಡು ಉತ್ತರಪತ್ರಿಕೆಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಒಂದೇ ಪ್ರಶ್ನೆಗೆ ಬರೆದವು. ತರಗತಿಯಲ್ಲಿ ಮೊಬೈಲ್ ಫೋನ್ ನಿಷೇಧಿಸಬೇಕೇ, ನಿಮ್ಮ ಅಭಿಪ್ರಾಯ ಬರೆಯಿರಿ ಅನ್ನುವುದು ಪ್ರಶ್ನೆ.

ಮೊದಲನೆಯದು ‘ಇನ್ ಟುಡೇಸ್ ಫಾಸ್ಟ್ ಮೂವಿಂಗ್ ವರ್ಲ್ಡ್’ ಅಂತ ಶುರುವಾಗುತ್ತದೆ. ಎರಡನೇ ಸಾಲಿನಲ್ಲೇ ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’ ಬರುತ್ತದೆ. ಆಮೇಲೆ ಮೂರು ಅನುಕೂಲ, ಮೂರು ಅನಾನುಕೂಲ. ‘ಫಸ್ಟ್ಲಿ’, ‘ಸೆಕೆಂಡ್ಲಿ’, ‘ಮೋರೋವರ್’ ಎಲ್ಲ ಜಾಗಕ್ಕೆ ಸರಿಯಾಗಿ ಕೂತಿವೆ. ಕೊನೆಯಲ್ಲಿ ಅದನ್ನು ಜಾಣತನದಿಂದ ಬಳಸಬೇಕು ಅನ್ನುವ ಸಾಲು. ಅಕ್ಷರ ಮುತ್ತಿನ ಹಾಗಿದೆ, ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಆ ಪ್ರಬಂಧದಲ್ಲಿ ‘ಮೊಬೈಲ್’ ಅನ್ನುವ ಪದ ತೆಗೆದು ‘ಟಿವಿ’ ಹಾಕಿ. ಒಂದು ಸಾಲೂ ಅಲುಗುವುದಿಲ್ಲ. ತರಗತಿ ಅನ್ನುವ ಮಾತೇ ಅದರಲ್ಲಿಲ್ಲ. ನಿಷೇಧ ಬೇಕೋ ಬೇಡವೋ ಅನ್ನುವುದಕ್ಕೆ ಉತ್ತರವೂ ಇಲ್ಲ.

ಎರಡನೆಯದು ‘ಟೀಚರ್ ಸೇ ಫೋನ್ ಡಿಸ್ಟರ್ಬ್ ದ ಕ್ಲಾಸ್. ಐ ಅಗ್ರೀ ಬಟ್ ಓನ್ಲಿ ಹಾಫ್’ ಅಂತ ಶುರುವಾಗುತ್ತದೆ. ‘ಸೇಸ್’ ಆಗಬೇಕಿದ್ದಲ್ಲಿ ‘ಸೇ’ ಆಗಿದೆ, ‘ಎ’, ‘ದ’ ಬೇಕಾದ ಕಡೆ ಬಿಟ್ಟುಹೋಗಿವೆ. ಆದರೆ ಮುಂದೆ ಓದಿ. ಲ್ಯಾಬಿನಲ್ಲಿ ರೀಡಿಂಗ್‌ಗಳ ಫೋಟೋ ತೆಗೆದುಕೊಳ್ಳಲು ಫೋನ್ ಬೇಕು ಅನ್ನುತ್ತಾಳೆ. ಪುಸ್ತಕದ ಪಿಡಿಎಫ್ ನೋಡಲು ಲ್ಯಾಪ್‌ಟಾಪ್ ಇಲ್ಲದವರಿಗೆ ಫೋನೇ ಗತಿ ಅನ್ನುತ್ತಾಳೆ. ಹಾಗಾಗಿ ಪೂರ್ತಿ ನಿಷೇಧ ಮಾಡಿದರೆ ಏಟು ಬೀಳುವುದು ಲ್ಯಾಪ್‌ಟಾಪ್ ಇಲ್ಲದವರಿಗೆ, ಇರುವವರು ಅದರಲ್ಲೇ ಚಾಟ್ ಮಾಡುತ್ತಾ ಕೂರುತ್ತಾರೆ ಅನ್ನುವುದು ಅವಳ ವಾದ. ಥಿಯರಿ ತರಗತಿಯಲ್ಲಿ ಫೋನ್ ತೆಗೆದಿಡಿ, ಲ್ಯಾಬಿನಲ್ಲಿ ಬಿಡಿ ಅಂತ ಮುಗಿಸುತ್ತಾಳೆ. ಎದುರಾಳಿಯ ಮಾತನ್ನು ಅರ್ಧ ಒಪ್ಪಿ, ಉಳಿದರ್ಧವನ್ನು ಕಾರಣ ಕೊಟ್ಟು ಮುರಿದು, ಒಂದು ದಾರಿ ತೋರಿಸಿದ್ದಾಳೆ. ತಪ್ಪುಗಳು ಸಾಕಷ್ಟಿವೆ. ಅರ್ಥವಾಗದೆ ನಿಂತ ಜಾಗ ಮಾತ್ರ ಒಂದೂ ಇಲ್ಲ.

ಮೊದಲನೆಯದಕ್ಕೆ ಎರಡನೆಯದಕ್ಕಿಂತ ತುಂಬಾ ಜಾಸ್ತಿ ಅಂಕ ಬಂದಿತ್ತು. ಕೋಷ್ಟಕದ ಪ್ರಕಾರ ಮೊದಲನೆಯವಳು ಬಿ2 ದಾಟಿದಳು, ಎರಡನೆಯವಳು ಬಿ1 ಮುಟ್ಟಲಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಇಬ್ಬರಿಗೂ ಆದ ಅನ್ಯಾಯ. ಎರಡನೆಯವಳಿಗೆ ತನ್ನಲ್ಲಿ ಏನಿದೆ ಅಂತ ಯಾರೂ ಹೇಳಲಿಲ್ಲ. ಮೊದಲನೆಯವಳಿಗೆ ತಾನಿನ್ನೂ ಬರೆಯುವುದನ್ನು ಕಲಿತಿಲ್ಲ ಅಂತ ಯಾರೂ ಹೇಳಲಿಲ್ಲ. ಅವಳು ಮುಂದೆ ಎಲ್ಲಾದರೂ ಒಂದು ವರದಿ ಬರೆಯಲು ಕೂತಾಗ, ಬಾಯಿಪಾಠದ ಸಾಲು ಯಾವುದೂ ಕೆಲಸಕ್ಕೆ ಬಾರದೆ ಹೋದಾಗ, ಆಗ ಗೊತ್ತಾಗುತ್ತದೆ.

ಇದನ್ನೇ ಅಂತಾರಾಷ್ಟ್ರೀಯ ಪರೀಕ್ಷೆಗಳು ಹೇಗೆ ನೋಡುತ್ತವೆ? ಐಇಎಲ್‌ಟಿಎಸ್ ಬರವಣಿಗೆಗೆ ನಾಲ್ಕು ಮಾನದಂಡಗಳಿವೆ. ಕೇಳಿದ ಪ್ರಶ್ನೆಗೆ ಎಷ್ಟರ ಮಟ್ಟಿಗೆ ಉತ್ತರ ಕೊಟ್ಟಿದ್ದಾರೆ ಅನ್ನುವುದು ಮೊದಲನೆಯದು. ಮಾತಿನ ಜೋಡಣೆ ಮತ್ತು ಹರಿವು, ಪದಸಂಪತ್ತು, ವ್ಯಾಕರಣದ ವ್ಯಾಪ್ತಿ ಮತ್ತು ಶುದ್ಧತೆ ಉಳಿದ ಮೂರು. ನಾಲ್ಕಕ್ಕೂ ಸಮಾನ ತೂಕ. ವ್ಯಾಕರಣ ಅಲ್ಲಿ ಕಾಲು ಭಾಗ ಮಾತ್ರ. ಅದರಲ್ಲೂ ತಪ್ಪಿಲ್ಲದಿರುವುದು ಸಾಲದು, ಬೇರೆ ಬೇರೆ ತರದ ವಾಕ್ಯ ಕಟ್ಟಲು ಬರಬೇಕು. ಪೂರ್ತಿ ಬಾಯಿಪಾಠ ಒಪ್ಪಿಸಿದ ಬರಹಕ್ಕೆ ಸೊನ್ನೆ. 1981ರಲ್ಲಿ ಹಾಲಿ ಜೇಕಬ್ಸ್ ಮತ್ತು ಜೊತೆಗಾರರು ಮಾಡಿದ ಇನ್ನೊಂದು ಅಳತೆ ಇಂಗ್ಲಿಷ್ ಕಲಿಸುವವರ ನಡುವೆ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ನೂರು ಅಂಕ ಹಂಚಿಕೆಯಾಗುವುದು ಹೀಗೆ: ವಿಷಯಕ್ಕೆ 30, ಭಾಷೆಯ ಬಳಕೆಗೆ 25, ಜೋಡಣೆಗೆ 20, ಪದಗಳಿಗೆ 20, ಕಾಗುಣಿತ ಮತ್ತು ಚಿಹ್ನೆಗಳಿಗೆ 5. ಬರೀ ಐದು. ನಮ್ಮ ಕೆಂಪು ಪೆನ್ನು ಜಾಸ್ತಿ ಓಡಾಡುವುದು ಆ ಐದರ ಸುತ್ತಲೇ. ಸುಮ್ನೆ ಯಾವುದಾದರೂ ಒಂದು ಬಂಡಲ್ ಬಿಚ್ಚಿ ನೋಡಿ, ಗೊತ್ತಾಗುತ್ತದೆ.

ಐಇಎಲ್‌ಟಿಎಸ್‌ನ ಆ ನಾಲ್ಕು ಮಾನದಂಡ ಹಿಡಿದು ಆ ಎರಡು ಬರಹಗಳನ್ನು ಮತ್ತೆ ಓದಿದೆ. ಎರಡನೆಯವಳದು ವಾದ ಕಟ್ಟುವುದರಲ್ಲಿ ಬಿ2 ಹತ್ತಿರಕ್ಕೆ ಬಂದಿದೆ, ವ್ಯಾಕರಣದಲ್ಲಿ ಬಿ1ರಲ್ಲೇ ಇದೆ. ಮೊದಲನೆಯವಳ ವಾಕ್ಯಗಳು ಶುದ್ಧ, ಆದರೆ ಅವು ಅವಳವೇ ಅಂತ ಹೇಳಲು ಸಾಕಷ್ಟು ಆಧಾರ ಇಲ್ಲ, ಹಾಗಾಗಿ ಮಟ್ಟ ಹೇಳಲು ಬರುವುದಿಲ್ಲ. ಇನ್ನೊಂದು ಪ್ರಶ್ನೆ ಕೊಟ್ಟು ಬರೆಸಬೇಕು. ಈ ಎರಡು ತೀರ್ಮಾನದಿಂದ ಮುಂದಿನ ವಾರದ ಪಾಠ ಏನಿರಬೇಕು ಅಂತ ನನಗೆ ಗೊತ್ತಾಗುತ್ತದೆ. ಅಂಕದಿಂದ ಗೊತ್ತಾಗುವುದಿಲ್ಲ.

ನೀವು ಕೇಳಬಹುದು, ಇಬ್ಬರು ಮೇಷ್ಟ್ರುಗಳು ಒಂದೇ ಬರಹಕ್ಕೆ ಒಂದೇ ಮಟ್ಟ ಹೇಳುತ್ತಾರೆ ಅನ್ನುವ ಗ್ಯಾರಂಟಿ ಏನು ಅಂತ. ಸುಮ್ಮನೆ ಬಿಟ್ಟರೆ ಖಂಡಿತ ಹೇಳುವುದಿಲ್ಲ. ಇದು ನೂರು ವರ್ಷಕ್ಕೂ ಹಳೆಯ ಸಮಸ್ಯೆ. 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅಮೆರಿಕದ 142 ಇಂಗ್ಲಿಷ್ ಶಿಕ್ಷಕರಿಗೆ ಒಂದೇ ಉತ್ತರಪತ್ರಿಕೆ ಕೊಟ್ಟು ಅಂಕ ಹಾಕಿಸಿದರು. ಒಬ್ಬರು 64 ಹಾಕಿದ್ದಕ್ಕೆ ಇನ್ನೊಬ್ಬರು 98 ಹಾಕಿದ್ದರು. 1961ರಲ್ಲಿ ಪಾಲ್ ಡೀಡ್ರಿಕ್ ಮತ್ತು ಜೊತೆಗಾರರು 300 ಪ್ರಬಂಧಗಳನ್ನು ಬೇರೆ ಬೇರೆ ಕ್ಷೇತ್ರದ 53 ಓದುಗರಿಗೆ ಕೊಟ್ಟರು. ಒಂಬತ್ತು ಗುಂಪುಗಳಾಗಿ ವಿಂಗಡಿಸಿ ಅಂದರು, ಯಾವ ಮಾನದಂಡವನ್ನೂ ಕೊಡಲಿಲ್ಲ. ನೂರಕ್ಕೆ 94 ಪ್ರಬಂಧಗಳು ಕಡಿಮೆ ಅಂದರೂ ಏಳು ಬೇರೆ ಬೇರೆ ಗುಂಪಿಗೆ ಹೋದವು. ಐದಕ್ಕಿಂತ ಕಡಿಮೆ ಗುಂಪಿಗೆ ಹೋದ ಪ್ರಬಂಧ ಒಂದೂ ಇರಲಿಲ್ಲ. ಓದಿದವರು ದಡ್ಡರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಒಬ್ಬರು ವಿಚಾರ ನೋಡಿದರು, ಒಬ್ಬರು ಜೋಡಣೆ ನೋಡಿದರು, ಇನ್ನೊಬ್ಬರು ಕಾಗುಣಿತ, ಚಿಹ್ನೆ ನೋಡಿದರು. ಯಾವುದನ್ನು ನೋಡಬೇಕು ಅಂತ ಮೊದಲೇ ಕೂತು ಮಾತಾಡಿಕೊಂಡಿರಲಿಲ್ಲ, ಅಷ್ಟೇ.

ಹಾಗೆ ಕೂತು ಮಾತಾಡುವುದೇ ನಾನು ಕೇಳುತ್ತಿರುವ ಕೆಲಸದ ಮುಖ್ಯ ಭಾಗ. ಒಂದು ಪರೀಕ್ಷೆಯನ್ನು ಸಿಇಎಫ್‌ಆರ್‌ಗೆ ಜೋಡಿಸುವುದು ಹೇಗೆ ಅಂತ ಕೌನ್ಸಿಲ್ ಆಫ್ ಯುರೋಪ್ 2009ರಲ್ಲಿ ಒಂದು ಕೈಪಿಡಿಯನ್ನೇ ಹೊರತಂದಿದೆ. ಮೊದಲು ಮೌಲ್ಯಮಾಪಕರು ಮಟ್ಟಗಳ ವಿವರಣೆಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಆಮೇಲೆ ಪ್ರಶ್ನೆಪತ್ರಿಕೆ ಏನನ್ನು ಅಳೆಯುತ್ತದೆ ಅಂತ ಬಿಡಿಸಿ ಬರೆಯಬೇಕು. ಮಾದರಿ ಬರಹಗಳನ್ನು ಓದಿ ಮಟ್ಟ ಹೇಳುವ ತರಬೇತಿ ಆಗಬೇಕು. ಯಾವ ಅಂಕಕ್ಕೆ ಯಾವ ಮಟ್ಟದ ಗೆರೆ ಎಳೆಯಬೇಕು ಅನ್ನುವುದು ಅದಾದ ಮೇಲೆ. ಎಳೆದ ಗೆರೆ ಸರಿಯಿದೆಯೇ ಅಂತ ಪರೀಕ್ಷಿಸುವುದು ಕೊನೆಗೆ. ನಮ್ಮಲ್ಲಿ ಆಗಿರುವುದು ಏನಂದರೆ ನಾಲ್ಕನೇ ಹಂತಕ್ಕೆ ನೇರ ಹೋಗಿ ಗೆರೆ ಎಳೆದುಬಿಟ್ಟಿದ್ದೇವೆ.

ಅಂಥ ತರಬೇತಿ ಸಭೆ ಹೇಗಿರುತ್ತದೆ ಅಂತ ನೋಡಿದವನು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಹೆಸರು, ನಂಬರ್ ಮುಚ್ಚಿದ ಕೆಲವು ಉತ್ತರಪತ್ರಿಕೆಗಳ ಜೆರಾಕ್ಸ್ ಎಲ್ಲರ ಕೈಯಲ್ಲಿ ಇರುತ್ತದೆ. ಪಕ್ಕದವರ ಹತ್ತಿರ ಮಾತಾಡದೆ ಪ್ರತಿಯೊಬ್ಬರೂ ಮಟ್ಟ ಬರೆಯುತ್ತಾರೆ. ಆಮೇಲೆ ಎಲ್ಲರ ಮಟ್ಟವನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದೇ ಬರಹಕ್ಕೆ ಎ2, ಬಿ1, ಬಿ2 ಮೂರೂ ಬಿದ್ದಿರುತ್ತವೆ. ಆಗ ಜಗಳ ಶುರು. ‘ಎಷ್ಟು ತಪ್ಪು ನೋಡಿ ಸಾರ್’ ಅಂತ ಒಬ್ಬರು. ‘ತಪ್ಪಿದೆ ಮೇಡಂ, ಆದರೆ ಅರ್ಥ ಎಲ್ಲಿ ಕೆಟ್ಟಿದೆ ತೋರಿಸಿ’ ಅಂತ ಇನ್ನೊಬ್ಬರು. ನಿಯಮ ಒಂದೇ. ಯಾರು ಏನು ಹೇಳಿದರೂ ವಿವರಣೆಯ ಸಾಲು ಒಂದು ತೋರಿಸಬೇಕು, ಬರಹದ ಸಾಲು ಒಂದು ತೋರಿಸಬೇಕು. ‘ನನಗೆ ಹಾಗನ್ನಿಸಿತು’ ಅಂದರೆ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಮಟ್ಟದ ವ್ಯತ್ಯಾಸ ಒಂದಕ್ಕೆ ಇಳಿಯುತ್ತದೆ. ಪೂರ್ತಿ ಮಾಯ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಉಳಿದ ವ್ಯತ್ಯಾಸಕ್ಕೆ ಪ್ರತಿ ಬರಹವನ್ನೂ ಇಬ್ಬರು ಓದುವುದು, ಇಬ್ಬರಿಗೂ ಹೊಂದದಿದ್ದರೆ ಮೂರನೆಯವರು ಓದುವುದು ಅನ್ನುವ ಹಳೆಯ ಪರಿಹಾರ ಇದೆ. ಎಲ್ಲರೂ ಒಪ್ಪಿದ ಬರಹಗಳನ್ನು ಟಿಪ್ಪಣಿ ಸಮೇತ ಒಂದು ಫೈಲಿನಲ್ಲಿ ಇಟ್ಟರೆ ಮುಂದಿನ ವರ್ಷ ಹೊಸದಾಗಿ ಬಂದ ಮೌಲ್ಯಮಾಪಕರಿಗೆ ಅದೇ ಪಾಠ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ, ಸಾವಿರಾರು ವಿದ್ಯಾರ್ಥಿಗಳಿದ್ದಾರೆ ಅನ್ನುವ ಮಾತು ನನಗೂ ಗೊತ್ತು. ವ್ಯಾಲ್ಯುಯೇಷನ್ ಕೇಂದ್ರದಲ್ಲಿ ಒಂದು ಪ್ರಬಂಧಕ್ಕೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಮಟ್ಟ ಹೇಳಿ ಅಂತ ನಾನು ಕೇಳುತ್ತಿಲ್ಲ. ಸೆಮಿಸ್ಟರ್‌ಗೆ ಒಂದರಂತೆ ಎಲ್ಲರ ಮಟ್ಟ ಅಳೆಯುವ ಅಗತ್ಯವೇ ಇಲ್ಲ. ಸೇರಿದಾಗ ಒಮ್ಮೆ, ಮುಗಿಸುವಾಗ ಒಮ್ಮೆ ಸಾಕು. ನಮ್ಮ ವಿದ್ಯಾರ್ಥಿಗಳು ಒಟ್ಟಾರೆ ಎಲ್ಲಿದ್ದಾರೆ ಅಂತ ತಿಳಿಯುವುದಷ್ಟೇ ಉದ್ದೇಶವಾದರೆ ಎಲ್ಲ ವಿಭಾಗಗಳಿಂದ ಸರಿಯಾಗಿ ಆರಿಸಿದ ಕೆಲವರ ಬರಹ ಸಾಕು. ಅದೂ ಆಗುವುದಿಲ್ಲವೇ? ಆಗ ಮಟ್ಟ ಬರೆಯಬೇಡಿ. ಅಂಕ ಮಾತ್ರ ಬರೆಯಿರಿ. ಅಂಕಪಟ್ಟಿಯಲ್ಲಿ ಬಿ2 ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ಅಳೆಯದೆ ಬರೆದ ಬಿ2 ನಂಬಿ ಮುಂದಿನ ಹೆಜ್ಜೆ ಇಟ್ಟ ವಿದ್ಯಾರ್ಥಿಗೆ ಮಾತ್ರ ನಷ್ಟವಿದೆ.

ಹಾಗಾದರೆ ಎಲ್ಲರಿಗೂ ಐಇಎಲ್‌ಟಿಎಸ್ಸೋ ಟೋಫೆಲ್ಲೋ ಬರೆಸಿಬಿಡೋಣ ಅನ್ನುವವರಿದ್ದಾರೆ. ಆ ಪರೀಕ್ಷೆಗಳ ಬಗ್ಗೆ ನನಗೆ ಗೌರವ ಇದೆ. ಟೋಫೆಲ್ 1964ರಿಂದ, ಐಇಎಲ್‌ಟಿಎಸ್ 1989ರಿಂದ ನಡೆಯುತ್ತಿವೆ, ಅವುಗಳ ಹಿಂದೆ ದೊಡ್ಡ ಸಂಶೋಧನೆ ಇದೆ. ಆದರೆ ಅವು ಮುಖ್ಯವಾಗಿ ಇಂಗ್ಲಿಷಿನಲ್ಲಿ ಪಾಠ ನಡೆಯುವ ಕಡೆಗೆ ಪ್ರವೇಶ ಕೊಡಲು ಮಾಡಿದವು. ಐಇಎಲ್‌ಟಿಎಸ್ ಅಕಾಡೆಮಿಕ್ ಬರವಣಿಗೆ ಒಂದು ಗಂಟೆಯದು. ಒಂದು ಗ್ರಾಫನ್ನೋ ಕೋಷ್ಟಕವನ್ನೋ ವಿವರಿಸಿ ಕನಿಷ್ಠ 150 ಪದ, ಒಂದು ಪ್ರಬಂಧಕ್ಕೆ ಕನಿಷ್ಠ 250 ಪದ. ನಮ್ಮ ವಿದ್ಯಾರ್ಥಿ ಮೂರು ವರ್ಷದಲ್ಲಿ ಬರೆಯುವುದು ಲ್ಯಾಬ್ ವರದಿ, ಪ್ರಾಜೆಕ್ಟ್ ವರದಿ, ಸೆಮಿನಾರ್ ಪ್ರಬಂಧ. ಓದಿ, ಕರಡು ಬರೆದು, ತಿದ್ದಿ, ಮತ್ತೆ ಬರೆಯುವ ಕೆಲಸ. ಒಂದು ಗಂಟೆಯಲ್ಲಿ ಅದು ಕಾಣುವುದಿಲ್ಲ. ಇನ್ನೊಂದು ವಿಷಯ. ಐಇಎಲ್‌ಟಿಎಸ್‌ನ ಒಟ್ಟು ಬ್ಯಾಂಡ್ (ಒಂಬತ್ತರವರೆಗಿನ ಅಂಕ) ಅನ್ನುವುದು ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರ ಸರಾಸರಿ. ಒಟ್ಟು 7 ಬಂದವರ ಬರವಣಿಗೆ 6 ಇರಬಹುದು. ಆ ಪರೀಕ್ಷೆ ನಡೆಸುವವರ ಹೋಲಿಕೆಯಲ್ಲೇ 5.5ರಿಂದ 6.5 ಅಂದರೆ ಬಿ2, 7ರಿಂದ 8 ಅಂದರೆ ಸಿ1. ಒಟ್ಟು ಬ್ಯಾಂಡ್ ನೋಡಿ ಬರವಣಿಗೆಯ ಮಟ್ಟ ಹೇಳಿದರೆ ಮತ್ತದೇ ಕೋಷ್ಟಕದ ತಪ್ಪು. ಅವರ ಮಾನದಂಡಗಳನ್ನು ಓದಿ ಕಲಿಯೋಣ. ಅಳೆಯುವ ಜವಾಬ್ದಾರಿ, ಅದರ ಖರ್ಚು ಎರಡನ್ನೂ ವಿದ್ಯಾರ್ಥಿಯ ತಲೆಗೆ ಕಟ್ಟುವುದು ಬೇಡ.

ಕಂಪ್ಯೂಟರ್‌ನಿಂದ ಅಂಕ ಹಾಕಿಸುವ ಮಾತೂ ಬರುತ್ತಿದೆ. ಟೋಫೆಲ್‌ನಲ್ಲೇ ಬರವಣಿಗೆಗೆ ಯಂತ್ರ ಬಳಸುತ್ತಾ ಬಂದಿದ್ದಾರೆ, ಮನುಷ್ಯರ ಜೊತೆಗೆ ಇಟ್ಟುಕೊಂಡು. ಎರಡನೇ ಓದುಗನಾಗಿ ಅದು ಸಹಾಯಕ್ಕೆ ಬರಬಹುದು. ಮನೆಯಿಂದ ಬರೆದು ತಂದ ಕೆಲಸದಲ್ಲಿ ಎಷ್ಟು ಪಾಲು ವಿದ್ಯಾರ್ಥಿಯದು, ಎಷ್ಟು ಎಐ (ಕೃತಕ ಬುದ್ಧಿಮತ್ತೆ) ಬರೆದದ್ದು ಅಂತ ಹೇಳುವುದು ಈಗ ಕಷ್ಟ. ಹಾಗಾಗಿ ಮಟ್ಟ ಹೇಳುವ ಬರಹದಲ್ಲಿ ಒಂದು ಭಾಗವಾದರೂ ನಮ್ಮ ಕಣ್ಣೆದುರು ಬರೆದದ್ದಾಗಿರಲಿ.

ಅಂತಾರಾಷ್ಟ್ರೀಯ ಮಟ್ಟ ಅಂದ ತಕ್ಷಣ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹುಟ್ಟಿದವರ ಹಾಗೆ ಬರೆಯಬೇಕು ಅಂದುಕೊಳ್ಳುವವರು ನಮ್ಮ ಮೌಲ್ಯಮಾಪಕರಲ್ಲೂ ಇದ್ದಾರೆ. ಅದು ಹಾಗಲ್ಲ. 2020ರಲ್ಲಿ ಸಿಇಎಫ್‌ಆರ್‌ನ ಪೂರಕ ಸಂಪುಟ ಬಂದಾಗ, ಆ ಭಾಷೆ ಮನೆಮಾತಾಗಿರುವವರ ಜೊತೆ ಹೋಲಿಸುವ ಮಾತುಗಳನ್ನು ವಿವರಣೆಗಳಿಂದ ತೆಗೆದುಹಾಕಿದರು. ಅಳೆಯಬೇಕಾದದ್ದು ಈ ವ್ಯಕ್ತಿ ಈ ಭಾಷೆಯಲ್ಲಿ ಏನು ಮಾಡಬಲ್ಲ ಅನ್ನುವುದನ್ನು. ಕಲಿಯುವವರ ತಪ್ಪುಗಳ ಹಿಂದೆ ಒಂದು ವ್ಯವಸ್ಥೆ ಇರುತ್ತದೆ, ಅವರು ಎಲ್ಲಿವರೆಗೆ ಕಲಿತಿದ್ದಾರೆ ಅನ್ನುವುದನ್ನು ಅವೇ ತೋರಿಸುತ್ತವೆ ಅಂತ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು. ‘ಎ’, ‘ದ’ ಎಲ್ಲ ಕಡೆ ಬಿಟ್ಟವಳಿಗೂ, ಒಮ್ಮೆ ಅವಸರದಲ್ಲಿ ಬಿಟ್ಟವಳಿಗೂ ವ್ಯತ್ಯಾಸ ಇದೆ. ಇಬ್ಬರಿಗೂ ಅರ್ಧರ್ಧ ಅಂಕ ಕಳೆದರೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಕೊನೆಯದಾಗಿ ಗಂಟೆಗಳ ಲೆಕ್ಕ. ಇದನ್ನು ವಿಶೇಷವಾಗಿ ಅಧ್ಯಯನ ಮಂಡಳಿಯವರು ಗಮನಿಸಬೇಕು. ಇಂಗ್ಲಿಷ್ ಪರೀಕ್ಷೆಗಳನ್ನು ನಡೆಸುವ ಕೇಂಬ್ರಿಜ್‌ನವರ ಅಂದಾಜಿನ ಪ್ರಕಾರ ಶೂನ್ಯದಿಂದ ಬಿ1 ಮುಟ್ಟಲು ಸುಮಾರು 350ರಿಂದ 400 ಗಂಟೆಗಳ ಪಾಠ ಬೇಕು. ಬಿ2ಗೆ 500ರಿಂದ 600, ಸಿ1ಗೆ 700ರಿಂದ 800. ಒಂದು ಮಟ್ಟದಿಂದ ಮುಂದಿನದಕ್ಕೆ ಹೆಚ್ಚುಕಮ್ಮಿ 200 ಗಂಟೆ ಅಂತ ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ಗಂಟೆ, ಸೆಮಿಸ್ಟರ್‌ಗೆ ಹದಿನಾರು ವಾರ ಅಂದರೆ 64 ಗಂಟೆ. ಮೂರು ಸೆಮಿಸ್ಟರ್ ಒಂದು ತರಗತಿಯೂ ತಪ್ಪದೆ ನಡೆದರೆ ಒಂದು ಮಟ್ಟ ಏರಲು ಹತ್ತಿರ ಹತ್ತಿರ ಸಾಲುತ್ತದೆ. ಅದೂ ಆ ಗಂಟೆಗಳೆಲ್ಲ ಭಾಷೆ ಬಳಸುವುದಕ್ಕೇ ಹೋದರೆ. ಪಠ್ಯದ ಕಥೆಯ ಸಾರಾಂಶ ಬರೆಸುವುದಕ್ಕೆ ಹೋದರೆ ಅಲ್ಲ. ಎ2ರಲ್ಲಿ ಬಂದ ಹುಡುಗನನ್ನು ಎರಡು ಸೆಮಿಸ್ಟರಿನ ಇಂಗ್ಲಿಷಿನಿಂದ ಬಿ2ಗೆ ತರುತ್ತೇವೆ ಅಂತ ಬರೆದ ಪಠ್ಯಕ್ರಮ ಪಾಠ ಮಾಡುವವರನ್ನೂ ಕಲಿಯುವವರನ್ನೂ ಸೋಲಿಸಿಯೇ ಶುರುವಾಗುತ್ತದೆ. ಸೇರಿದಾಗಿನ ಮಟ್ಟ ಅಳೆಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಎ2ರಿಂದ ಬಿ1ಗೆ ಬಂದ ವಿದ್ಯಾರ್ಥಿ ದೊಡ್ಡ ದೂರ ಬಂದಿದ್ದಾನೆ. ಅವನ ಅಂಕಪಟ್ಟಿ ಅದನ್ನೇ ಹೇಳಲಿ. ಬಿ1 ಅಂತ ಬರೆದರೆ ವಿಶ್ವವಿದ್ಯಾಲಯಕ್ಕೆ ಅವಮಾನ ಅಂತ ಯಾರೂ ಭಾವಿಸಬೇಕಾಗಿಲ್ಲ.

ಬರೆಯುವಾಗ ಒಂದೇ ಅಕ್ಷರ, ಒಂದೇ ಅಂಕಿಯಲ್ಲಿ ಮುಗಿಸಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ವಾದ ಕಟ್ಟುವುದು ಬಿ2, ಜೋಡಣೆ ಬಿ1, ಪದ ಬಿ1, ವ್ಯಾಕರಣ ಎ2 ಅಂತ ನಾಲ್ಕು ಸಾಲು ಸಿಕ್ಕರೆ ವಿದ್ಯಾರ್ಥಿಗೆ ಮುಂದೇನು ಮಾಡಬೇಕು ಅಂತ ಗೊತ್ತಾಗುತ್ತದೆ. ಕೆಲಸ ಕೊಡುವವರಿಗೂ ಗೊತ್ತಾಗುತ್ತದೆ. ಮಟ್ಟ ಅಳೆಯಲು ಬರೆಸಿದ ಈ ಬರಹದ ಆಧಾರದ ಮೇಲೆ ಯಾರ ಪದವಿಯನ್ನೂ ತಡೆಹಿಡಿಯಬೇಡಿ. ಮಟ್ಟ ಹೇಳುವುದು ಕಲಿಸುವುದಕ್ಕೆ ದಾರಿಯಾಗಲಿ ಅಂತ ನಾನು ಕೇಳುತ್ತಿದ್ದೇನೆ. ಬಾಗಿಲು ಹಾಕುವುದಕ್ಕಲ್ಲ.

ಮುಂದಿನ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ವಿದ್ಯಾರ್ಥಿಗಳು ಮೊದಲು ನೋಡಿರದ ಎರಡು ಚಿಕ್ಕ ಬರಹ ಕೊಟ್ಟು, ಅವುಗಳನ್ನು ತೂಗಿ ತಮ್ಮ ನಿಲುವು ಬರೆಯಲು ಹೇಳುವ ಒಂದು ಪ್ರಶ್ನೆ ಸೇರಿಸಿ. ವ್ಯಾಲ್ಯುಯೇಷನ್ ಶುರುವಾಗುವ ಹಿಂದಿನ ದಿನ ಇಂಗ್ಲಿಷ್ ಮೌಲ್ಯಮಾಪಕರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಹೆಸರು ಮುಚ್ಚಿದ ಹತ್ತು ಉತ್ತರಪತ್ರಿಕೆ ಕೈಗೆ ಕೊಡಿ. ಕುಲಪತಿಗಳೂ ಕುಲಸಚಿವರೂ ಅರ್ಧ ದಿನವಾದರೂ ಆ ಕೋಣೆಯಲ್ಲಿ ಇರಿ. ಹತ್ತರಲ್ಲಿ ನಾಲ್ಕಾದರೂ ನೀವೇ ಓದಿ, ನಿಮ್ಮ ಮಟ್ಟವನ್ನೂ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಆಫೀಸಿನ ಕೋಷ್ಟಕ ತರಿಸಿ ಪಕ್ಕದಲ್ಲಿಟ್ಟು ನೋಡಿ, ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಅಧ್ಯಾಪಕ